ಖಾಲಿ ಪುಟಕ್ಕೂ ಒಂದು ಸಂಖ್ಯೆ

ಚಿಗುಸಳ ಅಪ್ಪನಿಗೆ,

ಹೀಗೆ ಕರೆದೆನೆಂದು ಮುಖ ತಿರುಗಿಸಬೇಡಿ. ಇಷ್ಟು ವರ್ಷ ನಿಮ್ಮನ್ನು ಯಾಸುನೊರಿಯ ಅಪ್ಪ ಎಂದೇ ಕರೆದೆ. ಊರಿನವರೂ ಹಾಗೆಯೇ ಕರೆದರು. ಆದರೆ ನೀವು ಮೊದಲು ಅಪ್ಪನಾದದ್ದು ಅವನಿಗಲ್ಲ, ಅವನ ಅಕ್ಕನಿಗೆ. ಮೂರೇ ವರ್ಷ ನಮ್ಮ ಮನೆಯಲ್ಲಿ ಓಡಾಡಿ ಹೋದ ಹುಡುಗಿಗೆ. ನೀವು ಬದುಕಿದ್ದಾಗ ಆ ಹೆಸರು ಹಿಡಿದು ಕರೆಯುವ ಧೈರ್ಯ ನನಗೆ ಬರಲಿಲ್ಲ. ಅವಳ ಮಾತು ಬರುವ ಸೂಚನೆ ಸಿಕ್ಕರೆ ಸಾಕು, ಸನಿಕೆ ಹಿಡಿದು ಛಾವಣಿಯ ಹಿಮ ತೆಗೆಯಲು ಹೊರಟುಬಿಡುತ್ತಿದ್ದಿರಿ, ಹಿಮ ಇಲ್ಲದ ದಿನ ಸೈಕಲ್ ಒರೆಸಲು. ಈಗ ನಿಮಗೆ ಎದ್ದು ಹೋಗಲು ನೆಪವಿಲ್ಲ. ಕೂತು ಕೇಳಿ.

ನಿಮ್ಮ ರೈಲ್ವೆ ನೆನಪುಗಳ ಪುಸ್ತಕದ ಕೊನೆಯ ಪ್ರೂಫ್ ನನ್ನ ಮುಂದಿದೆ. ನಾಳೆ ಬೆಳಿಗ್ಗೆ ಅಚ್ಚುಮನೆಗೆ ಹಿಂದಿರುಗಿಸಬೇಕು. ಆಮೇಲೆ ಒಂದಕ್ಷರವನ್ನೂ ಅಲುಗಿಸುವಂತಿಲ್ಲ. ಎಲ್ಲ ಪುಟಗಳ ಕೆಲಸವೂ ಮುಗಿದಿದೆ, ಒಂದನ್ನು ಬಿಟ್ಟು. ಆ ಒಂದು ಪುಟವನ್ನು ಏನು ಮಾಡಬೇಕೆಂದು ತಿಳಿಯದೆ, ನೀವು ಬರೆದು ಮಿಕ್ಕ ಖಾಲಿ ಚೌಕದ ಹಾಳೆಗಳನ್ನೇ ತೆಗೆದುಕೊಂಡು ನಿಮಗೆ ಬರೆಯುತ್ತಿದ್ದೇನೆ. ಕೇಳಬೇಕಾದವರು ನೀವು. ಉತ್ತರ ಹೇಳದಿರುವುದರಲ್ಲಿ ನೀವು ಬದುಕಿದ್ದಾಗಲೂ ಗಟ್ಟಿಗರೇ, ಆದ್ದರಿಂದ ನನಗೇನೂ ಹೊಸದೆನಿಸುತ್ತಿಲ್ಲ.

ನಿಮ್ಮ ವರ್ಷದ ತಿಥಿಗೆ ಬಂದವರಿಗೆಲ್ಲ ಒಂದೊಂದು ಪ್ರತಿ ಕೊಡುವುದೆಂದು ಯಾಸುನೊರಿ ಹೇಳಿದ್ದಾನೆ. ಮಂಜೂ ಪುಸ್ತಕ ಎಂದು ನೀವು ಆಡಿಕೊಳ್ಳುತ್ತಿದ್ದಿರಲ್ಲ, ತಿಥಿಗೆ ಬಂದವರಿಗೆ ಹಂಚುವ, ಹೂರಣ ತುಂಬಿದ ಮಂಜೂ ಕಡುಬಿನ ಬದಲು ಹಂಚುವ ಪುಸ್ತಕ, ಅದೇ. ಸಿಗ್ನಲ್ ಕೆಲಸದ ನಿಮ್ಮ ಗೆಳೆಯ ಒಕಿತ್ಸು ತೀರಿಹೋದಾಗ ಅವರ ಮನೆಯವರು ಕೊಟ್ಟ ಪುಸ್ತಕದ ಮೇಲೆ ನೀವು ಬಿಸಿ ಕೆಟಲ್ ಇಡುತ್ತಿದ್ದಿರಿ. "ಮಂಜೂನೇ ಕೊಟ್ಟಿದ್ರೆ ತಿನ್ನಬಹುದಿತ್ತು" ಎಂದಿರಿ. ಈಗ ನಿಮ್ಮ ಪುಸ್ತಕದ ಮೇಲೆ ಯಾರ್ಯಾರ ಮನೆಯ ಕೆಟಲ್ ಕೂರಲಿದೆಯೋ.

ಆದರೂ ಎಷ್ಟು ಶ್ರದ್ಧೆಯಿಂದ ಬರೆದಿರಿ. ನಿವೃತ್ತಿಯಾದ ಮೇಲೆ ಪ್ರತಿ ಚಳಿಗಾಲವೂ ಬಟ್ಟೆ ಹೊದಿಸಿದ ಕಾವಿನ ಮೇಜಿನಡಿಗೆ ಕಾಲು ತೂರಿಸಿ, ಒಂದು ಚೌಕಕ್ಕೆ ಒಂದಕ್ಷರದಂತೆ, ಮೇಲಿನಿಂದ ಕೆಳಕ್ಕೆ ಸಾಲು ಇಳಿಸುತ್ತಾ ಕೂರುತ್ತಿದ್ದಿರಿ. ಪ್ರತಿ ಹಾಳೆಯ ಮೂಲೆಯಲ್ಲೂ ಗೂಡ್ಸ್ ಬೋಗಿಗೆ ಬರೆಯುವ ಹಾಗೆ ಸಂಖ್ಯೆ. ಪೆನ್ಸಿಲ್ ಕೆತ್ತಿ ಕೊಡುವುದು ನನ್ನ ಕೆಲಸ. ಮುಗಿದ ದಿನ ಕಟ್ಟಿಗೆ ಹುರಿ ಸುತ್ತಿ ನೀವೇ ಅಚ್ಚುಮನೆಗೆ ಒಯ್ದು ಕೊಟ್ಟು ಬಂದಿರಿ. "ಮುಗೀತು ಕಣೇ. ಗಾಡಿ ಬಿಟ್ಟಾಯ್ತು, ಇನ್ನು ಅವರುಂಟು ಹಳಿಯುಂಟು" ಎಂದು ಅಪರೂಪಕ್ಕೆ ಒಂದು ಬಟ್ಟಲು ಹೆಚ್ಚು ಅಕ್ಕಿಮದ್ಯ ಕುಡಿದಿರಿ. ಅದು ಪುಟವಾಗಿ ಬಂದದ್ದನ್ನು ನೋಡುವಷ್ಟು ಕಾಲ ನಿಮ್ಮ ಎದೆ ತಾಳಲಿಲ್ಲ.

ಹಾಗಾಗಿ ಪುಟ ಕಟ್ಟಿಸುವ ಕೆಲಸ ನನ್ನ ತಲೆಗೆ ಬಂತು. ಅಚ್ಚುಮನೆಯಲ್ಲಿ ಪುಟ ಕಟ್ಟುವವಳು ಹೊಶಿನೊ, ನಮ್ಮ ಯಾಸುನೊರಿಗಿಂತ ಕಿರಿಯಳು, ಬಾಯಿ ಜೋರು. ನಾನು ನಿಮ್ಮ ಹಾಳೆಯಿಂದ ಓದಬೇಕು, ಅವಳು ಪರದೆಯ ಮೇಲೆ ಸರಿನೋಡಬೇಕು, ಹೀಗೆ ಬೇಸಿಗೆಯೆಲ್ಲ ಕಳೆಯಿತು. "ಅಜ್ಜೀ, ತಾತ ಪ್ಯಾರಾನೇ ಒಡೆಯಲ್ವಲ್ಲ. ಸುರಂಗದೊಳಗೆ ಹೊಕ್ಕ ರೈಲಿನ ಹಾಗೆ ಹೋಗ್ತಾನೇ ಇರ್ತಾರೆ. ಓದೋರು ಎಲ್ಲಿ ಉಸಿರು ಬಿಡಬೇಕು?" ಎಂದು ಗೊಣಗುತ್ತಿದ್ದಳು. ನಿಮ್ಮ ಗೆಳೆಯರದೆಲ್ಲ ಪೊರೆ ಬಂದ ಕಣ್ಣು, ಅಕ್ಷರ ದೊಡ್ಡದು ಮಾಡು ಎಂದೆ. ದೊಡ್ಡದು ಮಾಡಿದರೆ ಪುಸ್ತಕ ಇಟ್ಟಿಗೆಯಷ್ಟು ದಪ್ಪವಾಗುತ್ತದೆ ಎಂದಳು. ಒಳಗಿನ ಅಂಚು ಸಾಲದಿದ್ದರೆ ಸಾಲುಗಳು ಹೊಲಿಗೆಯೊಳಗೆ ಮುಳುಗಿ ಹೋಗುತ್ತವೆ, ಓದುವವರು ಪುಸ್ತಕದ ಬೆನ್ನು ಮುರಿಯಬೇಕಾಗುತ್ತದೆ ಎಂಬುದನ್ನೆಲ್ಲ ಈ ವಯಸ್ಸಿನಲ್ಲಿ ಕಲಿತೆ. ನಿಮ್ಮ ಒಂದಕ್ಷರವನ್ನೂ ನಾನು ಬದಲಿಸಲಿಲ್ಲ. ಅಷ್ಟು ದಪ್ಪ ಪುಸ್ತಕದಲ್ಲಿ ನಾನು ಬರುವುದು ಒಂದೇ ಒಂದು ಕಡೆ, ಅದೂ ಬುತ್ತಿಯ ಜೊತೆಗೆ. ಅದನ್ನೂ ಹಾಗೆಯೇ ಇರಗೊಟ್ಟೆ. ಬುತ್ತಿ ಚೆನ್ನಾಗಿತ್ತು ಎಂದಾದರೂ ಬರೆದಿದ್ದೀರಿ.

ಹದಿನೈದು ದಿನದ ಹಿಂದೆ ಅವಳು ಫೋನು ಮಾಡಿದಳು. "ಅಜ್ಜೀ, ಕಟ್ಟಿನ ನಡುವೆ ಒಂದು ಹಾಳೆ ಖಾಲಿ ಇದೆ, ಹಿಂದಿನ ಹಾಳೆಗೆ ಅಂಟಿಕೊಂಡು ಓದುವಾಗ ನಮಗೆ ಕಾಣ್ಲೇ ಇಲ್ಲ. ಸಂಖ್ಯೆ ಮಾತ್ರ ಹಾಕಿದ್ದಾರೆ, ಒಂದಕ್ಷರ ಇಲ್ಲ. ತಾತ ಮರೆತು ಸೇರಿಸಿರಬೇಕು. ಬಿಟ್ಟು ಮುಂದಕ್ಕೆ ಹೋಗ್ಲಾ?" ಒಲೆಯ ಮೇಲೆ ಮೂಲಂಗಿ ಬೇಯುತ್ತಿತ್ತು. ಬಿಡಮ್ಮ, ಅದಕ್ಕೇನು ಎಂದೆ. ಫೋನು ಇಟ್ಟ ಮೇಲೆ ಯಾಕೋ ಸಮಾಧಾನವಾಗಲಿಲ್ಲ. ನೀವು ಊಟದ ಕಡ್ಡಿಯನ್ನು ಕೂಡ ಅಳೆದು ಇಡುತ್ತಿದ್ದ ಮನುಷ್ಯ. ಖಾಲಿ ಹಾಳೆಗೆ ಮರೆತು ಸಂಖ್ಯೆ ಹಾಕುವವರಲ್ಲ. ಮೂಲಂಗಿ ಇಳಿಸಿ ಬಸ್ಸು ಹಿಡಿದು ಹೋದೆ.

ಹೊಶಿನೊ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು. ಹಿಂದಿನ ಹಾಳೆಯಲ್ಲಿ ಆ ದೊಡ್ಡ ಹಿಮದ ಚಳಿಗಾಲ ಮುಗಿಯುತ್ತದೆ. ಮುಂದಿನದು "ಏಪ್ರಿಲ್‌ನಲ್ಲಿ ನನಗೆ ನಾಗಾಓಕಕ್ಕೆ ವರ್ಗವಾಯಿತು" ಎಂದು ಶುರುವಾಗುತ್ತದೆ. ನಡುವೆ ಇದು. ಬರೆಯಲು ಕೂರುವವರೆಲ್ಲ ಮಾಡುವಂತೆ ಮೊದಲ ಚೌಕ ಬಿಟ್ಟಿದ್ದೀರಿ. ಎರಡನೆಯ ಚೌಕದಲ್ಲಿ ಮಾತ್ರ ಕಾಗದ ಸವೆದು ನೂಲೆದ್ದು, ಇನ್ನೊಂದು ಸಲ ಉಜ್ಜಿದ್ದರೆ ತೂತಾಗುತ್ತಿತ್ತು. ಯಾವ ಅಕ್ಷರ ಬರೆದು ಅಳಿಸಿದಿರೋ ತಿಳಿಯುವಂತಿಲ್ಲ. ಕಳೆದ ಚಳಿಗಾಲದಲ್ಲಿ ದಿನವೂ ಆ ಮೇಜಿನ ಸುತ್ತ ರಬ್ಬರಿನ ಪುಡಿ ಬಿದ್ದಿರುತ್ತಿತ್ತು. "ಹೊರಗೆ ಬಿದ್ದಿದ್ದು ಸಾಲ್ದು ಅಂತ ಮನೆಯೊಳಗೂ ಹಿಮ ಬೀಳಿಸ್ತೀರಾ?" ಎಂದು ಬೈಯುತ್ತಾ ನಾನೇ ಗುಡಿಸಿ ಹಾಕಿದೆ. ನೀವು ಮೇಜಿನ ಬಟ್ಟೆ ಎತ್ತಿ ಕೊಟ್ಟಿರಿ, ಅಲ್ಲೂ ಗುಡಿಸಲಿ ಎಂದು.

ಆ ಚಳಿಗಾಲದ ಬಗ್ಗೆ ನೀವು ಬರೆದಿರುವುದು ಎಲ್ಲರಿಗೂ ಇಷ್ಟವಾಗುತ್ತದೆ. ಮನೆಯ ಮಹಡಿಯ ಕಿಟಕಿಯಿಂದ ಜನ ಬೀದಿಗೆ ಇಳಿದದ್ದು, ನಿಮ್ಮ ಕೆಂಪು ಎಂಜಿನ್ ಹಿಮವನ್ನು ಎರಡೂ ಕಡೆಗೆ ಎರಚುತ್ತಾ ಹಳಿ ಬಿಡಿಸಿದ್ದು. "ರಸ್ತೆಗಳೆಲ್ಲ ಮುಚ್ಚಿದರೂ ನಮ್ಮ ಹಳಿ ಮುಚ್ಚಲಿಲ್ಲ. ಆ ದಿನ ನಾವು ಯಾವ ನಿಲ್ದಾಣದಲ್ಲೂ ನಿಲ್ಲದೆ ಪಟ್ಟಣದವರೆಗೆ ದಾರಿ ತೆರೆದೆವು" ಎಂದು ಬರೆದಿದ್ದೀರಿ. ಆ ಸಾಲಿನ ಪಕ್ಕ ಅಳತೆಪಟ್ಟಿ ಇಟ್ಟು ಓದುತ್ತಿದ್ದವಳು ಪಟ್ಟಿಯನ್ನು ಮುಂದಿನ ಸಾಲಿಗೆ ಸರಿಸಲಿಲ್ಲ. ಹೊಶಿನೊ ಪರದೆಯಿಂದ ಕಣ್ಣು ತೆಗೆಯದೆ, ಓದಿ ಅಜ್ಜೀ, ಎಂದಳು. ಓದಿದೆ.

ಆ ದಿನ ನಾನೂ ಚಿಗುಸಳೂ ಪ್ಲಾಟ್‌ಫಾರಂ ಮೇಲಿದ್ದೆವು. ನಿಮಗೆ ಗೊತ್ತು. ಗಾಡಿ ದಾಟಿಹೋಗುವಾಗಲೇ ಗೊತ್ತಿತ್ತೋ ಇಲ್ಲವೋ ಎಂಬುದೇ ನನಗೆ ಇವತ್ತಿನವರೆಗೂ ಗೊತ್ತಿಲ್ಲ. ದಡಾರ ಇಳಿದರೂ ಜ್ವರ ಇಳಿಯದೆ ಅವಳ ಉಸಿರು ಸಿಳ್ಳೆ ಹೊಡೆಯತೊಡಗಿತ್ತು. ನೀವು ಎರಡು ದಿನದಿಂದ ಕೆಲಸದ ಮೇಲೆಯೇ ಇದ್ದಿರಿ. ರಸ್ತೆಯಿಲ್ಲ, ರೈಲೊಂದೇ ಗತಿ. ಬೆನ್ನಿಗೆ ಕಟ್ಟಿಕೊಂಡು ಮೇಲೆ ಹತ್ತಿಯ ದಪ್ಪ ಕೋಟು ಹಾಕಿ ಸ್ಟೇಷನ್ನಿಗೆ ನಡೆದೆ. ಸ್ಟೇಷನ್ ಮಾಸ್ತರರು, "ಮೊದಲು ಹಿಮದ ಗಾಡಿ ಹೋಗ್ಬೇಕಮ್ಮ, ಅದರ ಹಿಂದೇನೇ ರೈಲು ಬಿಡ್ತಾರೆ. ಒಳಗೆ ಬೆಂಕಿ ಹತ್ರ ಕೂತ್ಕೊ" ಎಂದರು. ನಾನು ಕೂರಲಿಲ್ಲ. ಹಿಮದ ಗಾಡಿಯಲ್ಲಿ ನೀವಿರುತ್ತೀರಿ ಎಂದು ಹೊರಗೆ ನಿಂತೆ. ನೀವು ನೋಡಿದರೆ ಸಾಕು ಎಂದುಕೊಂಡೆ. ನೋಡಿ ಏನೂ ಮಾಡಬೇಕಿರಲಿಲ್ಲ, ಸುಮ್ಮನೆ ನೋಡಬೇಕಿತ್ತು.

ಗಾಡಿ ಬಂತು. ಸೀಟಿ ಊದಿತು, ನಿಲ್ಲಲಿಲ್ಲ. ಅದು ಎರಚಿದ ಹಿಮ ಪ್ಲಾಟ್‌ಫಾರಂ ದಾಟಿ ನಮ್ಮ ಮೇಲೆ ಬಿತ್ತು. ಬೆನ್ನ ಮೇಲಿನ ಕೂಸು ತಲೆಯೆತ್ತಿ, "ಅಮ್ಮಾ, ಅಪ್ಪನ್ ಗಾಡಿ" ಎಂದಿತು. ಮುಖದ ಮೇಲಿನ ಹಿಮವನ್ನು ನಾಲಿಗೆಯಲ್ಲಿ ನೆಕ್ಕಿತು ಕೂಡ. ಅವಳು ಸರಿಯಾಗಿ ಆಡಿದ ಕೊನೆಯ ಮಾತು ಅದೇ. ನಿಮ್ಮ ಹಿಂದೆಯೇ ಬಂದ ರೈಲಿನಲ್ಲಿ ನಾವು ಪಟ್ಟಣ ಸೇರಿದೆವು. ದಾರಿ ತೆರೆದವರು ನೀವೇ. ಅದಕ್ಕೇ ನಿಮ್ಮನ್ನು ಬೈಯಲು ನನಗೆ ಎಂದೂ ಬಾಯಿ ಬರಲಿಲ್ಲ.

ಡಾಕ್ಟರರು ಕೈಲಾದದ್ದು ಮಾಡಿದರು. ನೀವು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೆಲಸದ ಬಟ್ಟೆಯಲ್ಲೇ ಬಂದಿರಿ, ಬೂಟಿನಿಂದ ಹಿಮ ಕರಗಿ ಆಸ್ಪತ್ರೆಯ ನೆಲವೆಲ್ಲ ನೀರು. ಮಂಚದ ಹತ್ತಿರ ಬರುವ ಬದಲು ಕುಕ್ಕರುಗಾಲಲ್ಲಿ ಕೂತು ಕೊರಳಿನ ಟವೆಲಿನಿಂದ ಆ ನೀರು ಒರೆಸಿದಿರಿ. ಒರೆಸಿದಷ್ಟೂ ಬೂಟಿನಿಂದ ನೀರು ಇಳಿಯುತ್ತಲೇ ಇತ್ತು. ನರ್ಸು ಬಂದು, "ಬಿಡಿ, ನಾವು ನೋಡ್ಕೋತೀವಿ" ಎಂದಳು. ನೀವು ಬಿಡಲಿಲ್ಲ. ನಾನು ಮಂಚದ ಮೇಲಿನಿಂದ ನಿಮ್ಮ ಬೆನ್ನನ್ನೇ ನೋಡುತ್ತಿದ್ದೆ, ಈಗ ಎದ್ದು ಬರುತ್ತಾರೆ, ಈಗ ಹೆಸರು ಹಿಡಿದು ಕರೆಯುತ್ತಾರೆ ಎಂದು.

ಆಮೇಲೆ ಏನಾಯಿತೆಂದರೆ, ಏನೂ ಆಗಲಿಲ್ಲ. ವರ್ಗವಾಯಿತು, ಹೊಸ ಊರು, ಯಾಸುನೊರಿ ಹುಟ್ಟಿದ, ಅವನ ತಮ್ಮ ಹುಟ್ಟಿದ. ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ ನೀವು, "ಇಬ್ರೂ ಗಂಡುಮಕ್ಳು" ಎಂದುಬಿಡುತ್ತಿದ್ದಿರಿ. ನಾನು ಚಹಾ ಬಗ್ಗಿಸುತ್ತಿದ್ದೆ. ಬೆಳಿಗ್ಗೆ ಬುದ್ಧನ ಗೂಡಿನ ಮುಂದೆ ನಿಮ್ಮ ಅಪ್ಪ ಅಮ್ಮನಿಗೆ ಕೈಮುಗಿದು, ಪಕ್ಕದಲ್ಲಿದ್ದ ಅವಳ ನೆನಪಿನ ಪುಟ್ಟ ಫಲಕದ ಕಡೆ ಕಣ್ಣು ಹಾಯಿಸದೆ ಎದ್ದುಬಿಡುತ್ತಿದ್ದಿರಿ. ಅದರ ಮುಂದಿನ ಅನ್ನದ ಬಟ್ಟಲು ನಾನೊಬ್ಬಳೇ ಇಟ್ಟದ್ದು, ನಾನೊಬ್ಬಳೇ ತೆಗೆದದ್ದು. ಹೇಳಿಬಿಡುತ್ತೇನೆ, ನಿಮ್ಮ ಮೇಲೆ ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿತ್ತು. ಅವಳು ಸತ್ತದ್ದಕ್ಕಲ್ಲ. ನೀವು ಅವಳನ್ನು ಲೆಕ್ಕದಿಂದ ತೆಗೆದುಹಾಕಿದಿರಿ ಎಂದು. ಮರೆತು ಹಾಯಾಗಿದ್ದಾರೆ ಎಂದೇ ತಿಳಿದಿದ್ದೆ.

ಈಗ ಈ ಹಾಳೆ ನೋಡಿ ಆ ಸಿಟ್ಟನ್ನು ಎಲ್ಲಿಡಬೇಕೋ ತೋಚದಾಗಿದೆ. ಮೂಲೆಯಲ್ಲಿ ಸಂಖ್ಯೆ ಬರೆದಿದ್ದೀರಿ. ಹಿಂದಿನ ಹಾಳೆಯ ಸಂಖ್ಯೆಗೂ ಮುಂದಿನದಕ್ಕೂ ನಡುವಿನದು. ಒಂದು ದಿನವಾದರೂ ಬರೆದೇನು ಎಂದು ಅವಳ ಜಾಗ ಹಿಡಿದಿಟ್ಟು ಮುಂದಕ್ಕೆ ಹೋದಿರಿ, ಕೊನೆಯವರೆಗೂ ಬರೆದು ಮತ್ತೆ ಅಲ್ಲಿಗೇ ಬಂದು ಬರೆದು ಅಳಿಸಿದಿರಿ, ಕಡೆಗೆ ಹಾಗೆಯೇ ಹುರಿ ಸುತ್ತಿದಿರಿ. ಎಂದರೆ ನೀವೂ ಎಣಿಸುತ್ತಿದ್ದಿರಿ. ಎದುರಿಗೇ ಕೂತು ನಾನು ಬಟಾಣಿ ಸುಲಿಯುತ್ತಿದ್ದೆ. ಅವಳ ಹೆಸರಿನ ಒಂದು ಅಕ್ಷರ ಗಟ್ಟಿಯಾಗಿ ಅಂದಿದ್ದರೆ ಉಳಿದದ್ದನ್ನು ನಾನು ಹೇಳುತ್ತಿದ್ದೆನಲ್ಲ. ಇಬ್ಬರೂ ಸೇರಿ ಒಂದು ಸಲ ಅಳಬಹುದಿತ್ತು. ಅಷ್ಟು ವರ್ಷ ಒಂದೇ ಮೇಜಿನಡಿ ಕಾಲು ಕಾಯಿಸಿಕೊಂಡೂ ಅಳಲು ನಾವು ಬೇರೆ ಬೇರೆ ಕೋಣೆ ಹುಡುಕಿದೆವು. ಇದನ್ನು ಕಳೆದುಕೊಂಡದ್ದಕ್ಕೆ ಪರಿಹಾರವಿಲ್ಲ, ಸಮಾಧಾನ ಮಾಡಿಕೊಳ್ಳುವ ವಯಸ್ಸೂ ನನ್ನದಲ್ಲ.

ಯಾಸುನೊರಿಗೆ ಹೇಳಿದೆ. ಅವನದು ನಿಮ್ಮದೇ ಜಾಯಮಾನ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. "ಅಮ್ಮಾ, ಖಾಲಿ ಹಾಳೇನ ಯಾರಾದ್ರೂ ಅಚ್ಚು ಹಾಕಿಸ್ತಾರಾ? ಬಂದೋರು ಪುಸ್ತಕ ಕೆಟ್ಟಿದೆ ಅಂತಾರೆ. ಅಪ್ಪನಿಗೆ ಬರೆಯೋಕೆ ಇಷ್ಟ ಇರ್ಲಿಲ್ಲ, ಬಿಟ್ರು. ಅಕ್ಕನ ವಿಷ್ಯ ಈಗ ಯಾಕೆ ಎಳೀತೀಯ?" ಎಂದ. ಇಷ್ಟ ಇರಲಿಲ್ಲ ಎಂದಲ್ಲ, ಆಗಲಿಲ್ಲ ಎಂದೆ. ಅವನು, "ಹಾಗಾದ್ರೆ ಅಲ್ಲಿ ನೀನೇ ನಾಲ್ಕು ಸಾಲು ಬರಿ" ಎಂದು ಫೋನಿಟ್ಟ. ಅಕ್ಕ ಎಂಬ ಮಾತು ಅವನ ಬಾಯಿಂದ ಬಂದದ್ದು ನಾನು ಕೇಳಿದ್ದು ಅದೇ ಮೊದಲು.

ನಾನು ಬರೆಯಲಾರೆ. ನಾನು ಬರೆದರೆ ಅದು ನನ್ನ ಮಾತಾಗುತ್ತದೆ, ನಿಮ್ಮದಲ್ಲ. ನಿಮ್ಮ ಪುಸ್ತಕದಲ್ಲಿ ಅವಳನ್ನು ನೀವೇ ಕರೆತರಬೇಕಿತ್ತು. ಹೊಶಿನೊಗೆ ವಿಷಯವೆಲ್ಲ ಹೇಳಿ, ಖಾಲಿಯಾಗಿಯೇ ಹಾಕಲು ಬರುತ್ತದೆಯೇ ಎಂದು ಕೇಳಿದೆ. ಅವಳು ಪರದೆ ನೋಡುತ್ತಾ ಬಹಳ ಹೊತ್ತು ಕುರ್ಚಿ ತಿರುಗಿಸಿದಳು. ಆಮೇಲೆ ಹೇಳಿದಳು: "ಬರುತ್ತೆ ಅಜ್ಜೀ. ಆದ್ರೆ ಬೈಂಡಿಂಗಿನವರಿಗೆ ಖಾಲಿ ಪುಟಕ್ಕೂ ಸಂಖ್ಯೆ ಬೇಕೇ ಬೇಕು, ಇಲ್ದಿದ್ರೆ ಪುಟ ಬಿದ್ದುಹೋಗಿದೆ ಅಂದ್ಕೋತಾರೆ. ಓದೋರ ಕಣ್ಣಿಗೆ ಬೀಳಬಾರದು ಅಂದ್ರೆ ಒಂದು ಉಪಾಯ ಇದೆ. ಸಂಖ್ಯೇನ ಸಣ್ಣದು ಮಾಡಿ ಒಳಗಿನ ಅಂಚಿಗೆ, ಹೊಲಿಗೆ ಪಕ್ಕಕ್ಕೆ ತಳ್ಳಿಬಿಡ್ತೀವಿ. ಕಟ್ಟಿದ್ಮೇಲೆ ಅದು ಮಡಿಕೆಯೊಳಗೆ ಮುಚ್ಚಿಹೋಗುತ್ತೆ. ಇರುತ್ತೆ, ಆದ್ರೆ ಕಾಣಲ್ಲ. ಬಚ್ಚಿಟ್ಟ ಸಂಖ್ಯೆ ಅಂತೀವಿ. ಎಲ್ಲಾ ಪುಸ್ತಕದಲ್ಲೂ ಮಾಡ್ತಾರೆ."

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಪ್ರೂಫಿನಲ್ಲಿ ಹಾಗೆಯೇ ಮಾಡಿಯೂ ಕೊಟ್ಟಿದ್ದಾಳೆ. ಬಿಳಿ ಪುಟ, ಮಡಿಕೆಯ ಪಕ್ಕದಲ್ಲಿ ಎಳ್ಳಿನಷ್ಟು ಸಂಖ್ಯೆ. ಚೊಕ್ಕವಾಗಿದೆ, ಯಾರಿಗೂ ತೊಂದರೆಯಿಲ್ಲ. ಮಧ್ಯಾಹ್ನದಿಂದ ಇದನ್ನೇ ನೋಡುತ್ತಾ ಕೂತಿದ್ದೇನೆ. ನಾವಿಬ್ಬರೂ ಇಷ್ಟು ವರ್ಷ ಮಾಡಿದ್ದೇ ಇದು. ನೀವು ನಿಮ್ಮ ಮಡಿಕೆಯೊಳಗೆ, ನಾನು ನನ್ನ ಮಡಿಕೆಯೊಳಗೆ.

ಇಷ್ಟು ಬರೆಯುತ್ತಾ ಬಂದ ಮೇಲೆ ಈಗ ಕೆಂಪು ಪೆನ್ನು ತೆಗೆದುಕೊಂಡೆ. ಆ ಎಳ್ಳಿನಂಥ ಸಂಖ್ಯೆಗೆ ಸುತ್ತು ಹಾಕಿ, ಅಲ್ಲಿಂದ ಗೆರೆ ಎಳೆದು, ಉಳಿದ ಪುಟಗಳಲ್ಲಿ ಸಂಖ್ಯೆ ಇರುವ ಜಾಗಕ್ಕೆ ತಂದು, "ಇಲ್ಲಿ, ಬೇರೆಯವುಗಳಷ್ಟೇ ದೊಡ್ಡದಾಗಿ" ಎಂದು ಬರೆದೆ. ಪುಟದಲ್ಲಿ ಇನ್ನೇನೂ ಬೇಡ. ಹೂವಿನ ಚಿತ್ರ ಬೇಡ, ಗೆರೆ ಬೇಡ. ನಾಳೆ ಹೊಶಿನೊ ಗೊಣಗುತ್ತಾಳೆ, ಅಚ್ಚಿನವರ ಕಣ್ಣಿಗೆ ಇದು ತಪ್ಪು, ನೋಡಿದವರು ನನ್ನ ಕೆಲಸಕ್ಕೆ ನಗುತ್ತಾರೆ ಎನ್ನುತ್ತಾಳೆ. ನಗಲಿ. ತಪ್ಪು ಎಂದು ಅವರಿಗೆ ಕಾಣಲಿ ಎಂದೇ ಮಾಡಿಸುತ್ತಿದ್ದೇನೆ.

ಪುಸ್ತಕದ ಕೊನೆಯಲ್ಲಿ ಎಲ್ಲರೂ ಹಾಕಿಸುವ ಒಂದು ಸಾಲಿದೆಯಲ್ಲ, ಪುಟ ಬಿಟ್ಟುಹೋಗಿದ್ದರೆ ತಿಳಿಸಿ, ಬದಲಿಸಿ ಕೊಡುತ್ತೇವೆ ಎಂದು. ಅದರ ಕೆಳಗೆ ನಮ್ಮ ಮನೆಯ ವಿಳಾಸ ಹಾಕಿಸಿದ್ದೇನೆ. ನಿಮ್ಮ ರೈಲಿನ ಗೆಳೆಯರು ಯಾರಾದರೂ ಬಂದೇ ಬರುತ್ತಾರೆ, ಅವರಿಗೆ ಮಾಡಲು ಬೇರೆ ಕೆಲಸವೂ ಇಲ್ಲ. "ಅಕ್ಕಾ, ನಮ್ಮ ಮೊರಿಯೊ ಪುಸ್ತಕದಲ್ಲಿ ಒಂದು ಪುಟ ಅಚ್ಚೇ ಆಗಿಲ್ವಲ್ಲ" ಎನ್ನುತ್ತಾರೆ. ಕೂರಿಸಿ, ಚಹಾ ಕೊಟ್ಟು, ಅಚ್ಚಾಗಿದೆ, ಅದು ನಮ್ಮ ಮಗಳದು ಎನ್ನುತ್ತೇನೆ. ಇಷ್ಟು ವರ್ಷ ಅವಳ ಬಗ್ಗೆ ನನ್ನನ್ನು ಕೇಳಿದವರೇ ಇಲ್ಲ. ಈಗ ಕೇಳುತ್ತಾರೆ. ಬೆನ್ನ ಮೇಲೆ ಎಷ್ಟು ಭಾರವಿದ್ದಳು, ಹಿಮ ನೆಕ್ಕಿ ಏನು ಮುಖ ಮಾಡಿದಳು, ಎಲ್ಲ ಹೇಳುತ್ತೇನೆ. ಆ ಸೀಟಿ ಎಲ್ಲ ನಿಲ್ದಾಣಕ್ಕೂ ಊದುವ ನಿಯಮದ ಸೀಟಿಯೋ, ನಮ್ಮನ್ನು ನೋಡಿ ಊದಿದ್ದೋ ಎಂದು ಅವರೂ ಕೇಳಬಹುದು. ಗೊತ್ತಿಲ್ಲ ಎನ್ನುತ್ತೇನೆ.

ಇಲ್ಲಿಯ ಕೆಲಸ ನನ್ನದು, ಮಾಡಿದೆ. ಅಲ್ಲಿಯದು ನಿಮ್ಮದು. ಹೆತ್ತವರಿಗಿಂತ ಮೊದಲು ಹೋದ ಮಕ್ಕಳು ಆಚೆಯ ನದಿಯ ದಂಡೆಯಲ್ಲಿ ಕಲ್ಲು ಪೇರಿಸುತ್ತಾ ಕೂರುತ್ತವೆ, ಒಂದು ಕಲ್ಲು ಅಮ್ಮನಿಗೆ, ಒಂದು ಅಪ್ಪನಿಗೆ, ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ನಿಜವೋ ಸುಳ್ಳೋ, ನೀವು ಆ ದಾರಿಯಲ್ಲೇ ಹೋಗಬೇಕಾದವರು. ಈ ಸಲ ನಿಲ್ಲದೆ ಹೋಗಬೇಡಿ. ಅವಳಿಗೆ ನಿಮ್ಮ ಈ ಮುದಿಮುಖ ಗುರುತು ಸಿಗುವುದಿಲ್ಲ, ನೀವೇ ಕರೆಯಬೇಕು. ಅಲ್ಲಿ ಚೌಕದ ಹಾಳೆಯಿಲ್ಲ, ರಬ್ಬರಿಲ್ಲ. ಬಾಯಿಬಿಟ್ಟೇ ಕರೆಯಬೇಕು. ಚಿ-ಗು-ಸ. ಮೂರೇ ಅಕ್ಷರ, ನೋಡಿ, ಕಷ್ಟವೇನಿಲ್ಲ.

ನಾನು ಬರುವವರೆಗೆ ಅವಳ ಕೈಕಾಲು ಬೆಚ್ಚಗಿರಲಿ, ನಿಮ್ಮವೂ ಬೆಚ್ಚಗಿರಲಿ.

ಕಿನುಯೊ